‘ಸ್ಕ್ವಾಡ್ ಡೆಪ್ತ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ಐರ್ಲೆಂಡಿನ ಲೆನ್‌ಸ್ಟರ್ ರಗ್ಬಿ ತಂಡ ಹೊಸ ಋತುವಿಗೆ ಆಟಗಾರರನ್ನು ಹೇಗೆ ಜೋಡಿಸಿಕೊಳ್ಳುತ್ತದೆ ಅನ್ನುವುದರ ಬಗ್ಗೆ ಬರೆಯುತ್ತಿದ್ದೇನೆ. ‘ಸ್ಕ್ವಾಡ್ ಡೆಪ್ತ್’ ಅನ್ನುವ ಮಾತು ಬಂದಲ್ಲೆಲ್ಲ ಬರಹ ನಿಂತುಬಿಡುತ್ತದೆ. ‘ತಂಡದ ಆಳ’ ಅಂದರೆ ಕಿವಿಗೆ ಒಗ್ಗುವುದಿಲ್ಲ. ಬಾವಿಗೆ ಆಳ ಸರಿ, ಮಾತಿಗೂ ಸರಿ. ತಂಡಕ್ಕೆ?

ಅರ್ಥ ಹೀಗಿದೆ. ಪಂದ್ಯದ ದಿನ 15 ಜನ ಕಣದಲ್ಲಿ, 8 ಜನ ಹೊರಗೆ. ಆ 8 ಜನರಿಗೆ ‘ಬದಲಿ ಆಟಗಾರರು’ ಅನ್ನಬಹುದು, ಅದರಲ್ಲಿ ತೊಡಕಿಲ್ಲ. ಆದರೆ ಡೆಪ್ತ್ ಈ 23 ಜನಕ್ಕೆ ಮುಗಿಯುವುದಿಲ್ಲ. ಫೆಬ್ರವರಿ–ಮಾರ್ಚ್‌ನಲ್ಲಿ ಯುರೋಪಿನ ಆರು ದೇಶಗಳ ಟೂರ್ನಿ ಸಿಕ್ಸ್ ನೇಷನ್ಸ್ ಬಂತೆಂದರೆ ಲೆನ್‌ಸ್ಟರ್‌ನ ಮುಖ್ಯ ಆಟಗಾರರು ಐರ್ಲೆಂಡ್ ತಂಡಕ್ಕೆ ಹೊರಡುತ್ತಾರೆ. ಬ್ರಿಟನ್, ಐರ್ಲೆಂಡ್ ಆಟಗಾರರ ಜಂಟಿ ತಂಡವಾದ ಲಯನ್ಸ್‌ನ 2025ರ ಪ್ರವಾಸಕ್ಕೆ ಮೊದಲು ಆರಿಸಿದ 38 ಜನರಲ್ಲಿ 12 ಮಂದಿ ಈ ಒಂದೇ ತಂಡದವರು! ಅಂಥವರು ಇಲ್ಲದಾಗಲೂ ತಂಡ ಗೆಲ್ಲಬೇಕು. ಅಂದರೆ ಒಂದೊಂದು ಜಾಗದಲ್ಲೂ ಮೊದಲನೆಯವನಿಗೂ ಎರಡನೆಯವನಿಗೂ ಅಂತರ ಕಡಿಮೆ ಇರಬೇಕು. ಸುಮ್ನೆ ತಲೆ ಎಣಿಸಿದರೆ ಆಗಲಿಲ್ಲ. ಅದಕ್ಕೇ ‘ಆಳ್ಬಲ’ವನ್ನು ನಾನು ಬಿಟ್ಟೆ.

‘ಎರಡನೇ ಸಾಲು’ ಅನ್ನೋಣ ಅಂತ ಒಬ್ಬ ಗೆಳೆಯರು ಹೇಳಿದರು. ರಗ್ಬಿಯಲ್ಲಿ ಅದು ಬೇರೆಯೇ. ಎರಡೂ ತಂಡದ ಎಂಟೆಂಟು ಜನ ತೋಳು ಹೆಣೆದು ಎದುರುಬದುರಾಗಿ ತಳ್ಳುವ ಸ್ಕ್ರಮ್‌ನಲ್ಲಿ ಮುಂದಿನ ಮೂವರ ಹಿಂದೆ ತಲೆಕೊಟ್ಟು ತಳ್ಳುವ ಇಬ್ಬರು ಲಾಕ್‌ಗಳ ಜಾಗ ಅದು. 2024ರಲ್ಲಿ ಐರ್ಲೆಂಡಿನದೇ ಇನ್ನೊಂದು ತಂಡ ಮನ್‌ಸ್ಟರ್ ಬಿಟ್ಟು ಲೆನ್‌ಸ್ಟರ್‌ಗೆ ಬಂದ ಆರ್.ಜಿ. ಸ್ನೈಮನ್ ಅಂಥ ಲಾಕ್. ದಕ್ಷಿಣ ಆಫ್ರಿಕಾದ ಜೊತೆ 2019, 2023 ಎರಡೂ ವಿಶ್ವಕಪ್ ಗೆದ್ದವರು. ಅವರನ್ನು ‘ಎರಡನೇ ಸಾಲಿನ ಆಟಗಾರ’ ಅಂದರೆ ನಮ್ಮ ಓದುಗರು ಕಡಿಮೆ ದರ್ಜೆಯವರು ಅಂದುಕೊಳ್ಳುತ್ತಾರೆ, ಅಲ್ವಾ?

ಈ ಡೆಪ್ತ್ ಎಷ್ಟು ಮುಖ್ಯ ಅನ್ನುವುದು ಸ್ಕ್ರಮ್‌ನ ಮುಂದಿನ ಸಾಲಿನ ಎರಡು ತುದಿಯಲ್ಲಿರುವ ಪ್ರಾಪ್‌ಗಳನ್ನು ನೋಡಿದರೆ ತಿಳಿಯುತ್ತದೆ. ಸ್ಕ್ರಮ್‌ನ ಭಾರವೆಲ್ಲ ಅವರ ಕುತ್ತಿಗೆ, ಬೆನ್ನಿನ ಮೇಲೆ. ಪಳಗದವನನ್ನು ಅಲ್ಲಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಹಾಗಾಗಿ 23ರ ಪಟ್ಟಿಯಲ್ಲಿ ಮುಂದಿನ ಸಾಲಿನ ಮೂರೂ ಜಾಗಕ್ಕೆ ಪಳಗಿದ ಬದಲಿಗಳು ಇರಲೇಬೇಕು. ಇದ್ದವರೆಲ್ಲ ಗಾಯಗೊಂಡರೆ ಎರಡೂ ಕಡೆಯವರು ತಳ್ಳದೆ ಸ್ಕ್ರಮ್ ಕಟ್ಟುತ್ತಾರೆ. ಲೆನ್‌ಸ್ಟರ್‌ನ ಬಲಗಡೆಯ ಪ್ರಾಪ್ ಟೈಗ್ ಫರ್ಲಾಂಗ್ 2024–25ರಲ್ಲಿ ಗಾಯದಿಂದ ಬಹಳ ಪಂದ್ಯ ಆಡಲಾಗಲಿಲ್ಲ. ಲೆನ್‌ಸ್ಟರ್ ಆ ಋತುವಿಗೆ ಮೊದಲೇ ಫ್ರಾನ್ಸಿನ ಕ್ಲೆರ್ಮೋಂ ತಂಡದಿಂದ ಅದೇ ಜಾಗದ ರಬಾ ಸ್ಲಿಮಾನಿಯನ್ನು ಕರೆತಂದಿತ್ತು. ವಯಸ್ಸು 34 ದಾಟಿತ್ತು, ಆದರೂ ಕರೆತಂದರು. ನನ್ನ ಪ್ರಕಾರ ಜಾಣತನದ ಆಯ್ಕೆ ಅದೇ. ಹೆಸರು ಜಾಸ್ತಿ ಕೇಳಿಬಂದದ್ದು ಮಾತ್ರ ಅದೇ ಋತುವಿಗೆ ಬಂದ ನ್ಯೂಜಿಲೆಂಡಿನ ಜೋರ್ಡಿ ಬ್ಯಾರೆಟ್‌ದು.

ಸದ್ಯಕ್ಕೆ ನಾನು ‘ಮೀಸಲು ಬಲ’ ಅಂತ ಬರೆದಿದ್ದೇನೆ. ‘ಮೀಸಲು ಆಟಗಾರ’ ಪತ್ರಿಕೆಗಳಲ್ಲಿ ಆಗಲೇ ಇದೆ. ಓದುಗರಿಗೆ ಮೀಸಲಾತಿಯ ನೆನಪು ಬರುತ್ತದೆಯೇ ಅನ್ನುವುದು ನನ್ನ ಅಳುಕು.

ಇನ್ನು ‘ರಿಕ್ರೂಟ್‌ಮೆಂಟ್’. ‘ನೇಮಕಾತಿ’ ಅಂದರೆ ಸರಕಾರಿ ಕೆಲಸದ ಅರ್ಜಿ ಕಣ್ಣಮುಂದೆ ಬರುತ್ತದೆ. ಐಪಿಎಲ್ ಹರಾಜಿನಿಂದ ಬಂದ ‘ಖರೀದಿ’ಯೂ ಇಲ್ಲಿ ಕೂಡುವುದಿಲ್ಲ. ರಗ್ಬಿಯಲ್ಲಿ ಹೆಚ್ಚಾಗಿ ಒಂದು ಕಡೆಯ ಒಪ್ಪಂದ ಮುಗಿಸಿ ಆಟಗಾರ ಇನ್ನೊಂದು ಕಡೆ ಸೇರುತ್ತಾನೆ. ಅದಕ್ಕೆ ‘ಸೇರ್ಪಡೆ’ ಸಾಕು. ಲೆನ್‌ಸ್ಟರ್‌ನ ಹ್ಯಾರಿ ಬರ್ನ್ 2025ರಲ್ಲಿ ಕೆಲವು ತಿಂಗಳು ಇಂಗ್ಲೆಂಡಿನ ಬ್ರಿಸ್ಟಲ್ ತಂಡಕ್ಕೆ ಆಡಿ ವಾಪಸಾದರು, ಅದು ‘ಎರವಲು’. ಬ್ಯಾರೆಟ್ ನ್ಯೂಜಿಲೆಂಡ್ ಮಂಡಳಿಯ ಒಪ್ಪಿಗೆ ಪಡೆದು ಅಲ್ಲಿನ ಆಟದಿಂದ ಬಿಡುವು ತೆಗೆದುಕೊಂಡು ಬಂದವರು. ಇದನ್ನು ಎರವಲು ಅನ್ನಲಾರೆ, ‘ಬಿಡುವಿನ ಒಪ್ಪಂದ’ ಅನ್ನಬಹುದೇ?

ಕರಾವಳಿಯವರಿಗೆ ಒಂದು ಪ್ರಶ್ನೆ. ಯಕ್ಷಗಾನದಲ್ಲೂ ಕಲಾವಿದರು ತಿರುಗಾಟ ಮುಗಿಸಿ ಮುಂದಿನ ವರ್ಷಕ್ಕೆ ಬೇರೆ ಮೇಳ ಸೇರುತ್ತಾರಲ್ಲ. ಒಂದೇ ವೇಷವನ್ನು ಸಮನಾಗಿ ನಿಭಾಯಿಸುವ ಇಬ್ಬರು ಮೂವರು ಒಂದು ಮೇಳದಲ್ಲಿ ಇದ್ದರೆ, ಆ ಮೇಳದ ಬಗ್ಗೆ ನಿಮ್ಮ ಕಡೆ ಹೇಗೆ ಹೇಳುತ್ತಾರೆ? ಬಳಕೆಯ ಮಾತು ಇದ್ದರೆ, ಯಾವ ಊರ ಕಡೆಯದು ಅನ್ನುವುದನ್ನೂ ಸೇರಿಸಿ ತಿಳಿಸಿ.