ಯಜಮಾನ್ರು ಸೂಟಿ ಮೇಲೆ ಬರ್ತಿದ್ದಾರೆ, ಮನೇಲಿ ಏನೇನು ಮಾಡೋಣ?

ಸೈನಿಕರ ಮನೆಯವರ ನಮ್ಮ ಗುಂಪಿನಲ್ಲಿ ಈ ಸಲದ ಪ್ರಶ್ನೋತ್ತರ ರಜೆಯ ಬಗ್ಗೆ. ಉತ್ತರ ಕೊಡುವವರು ಬೆಳಗಾವಿಯಲ್ಲಿ ಸೈನಿಕ ಕುಟುಂಬಗಳ ಜೊತೆ ಕೆಲಸ ಮಾಡುವ ಆಪ್ತ ಸಮಾಲೋಚಕಿ. ಅವರ ಯಜಮಾನರೂ ಹವಾಲ್ದಾರ್ ಆಗಿ ನಿವೃತ್ತರಾದವರು. ಯಾರ ಹೆಸರು, ಯೂನಿಟ್ಟು ಇಲ್ಲಿ ಹಾಕಿಲ್ಲ.

ಪ್ರಶ್ನೆ (ಬೈಲಹೊಂಗಲ ಕಡೆಯಿಂದ): ಮೇಡಂ, ನಮ್ಮವರು ಲಡಾಖ್‌ನಲ್ಲಿದ್ದಾರೆ. ಬಹಳ ತಿಂಗಳ ಮೇಲೆ ಸೂಟಿ ಸಿಕ್ಕಿದೆ. ಮಾವನವರು ಸ್ಟೇಷನ್‌ನಿಂದಲೇ ತೆರೆದ ಜೀಪಿನಲ್ಲಿ ಮೆರವಣಿಗೆ, ಅದೇ ಸಂಜೆ ಸತ್ಯನಾರಾಯಣ ಪೂಜೆ, ಇಡೀ ಓಣಿಗೆ ಊಟ ಅಂತಿದ್ದಾರೆ. ಅತ್ತೆಯವರಿಗೆ ಮರುದಿನವೇ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಬೇಕು, ಹರಕೆ ಇದೆ. ನನಗೋ ಎರಡು ದಿನ ಸುಮ್ನೆ ಮನೇಲಿ ಇದ್ದರೆ ಸಾಕು. ಹಾಗಂದರೆ ‘ನಿನಗಷ್ಟೇ ಗಂಡನಾ, ನಮಗೆ ಮಗ ಅಲ್ವಾ’ ಅಂತಾರೆ. ಹೇಗೆ ಹೇಳಲಿ?

ಉತ್ತರ: ತಂಗಿ, ಅತ್ತೆ ಹೇಳಿದ್ದೂ ನಿಜವೇ. ಅವರೂ ಅಷ್ಟೇ ದಿನ ಕಾದಿದ್ದಾರೆ. ಹಾಗಾಗಿ ‘ಬೇಡ’ ಅನ್ನಬೇಡಿ, ‘ಯಾವತ್ತು’ ಅಂತ ಮಾತಾಡಿ. ಪೂಜೆಯೂ ಇರಲಿ, ಗುಡ್ಡವೂ ಇರಲಿ, ಊಟವೂ ಇರಲಿ. ಬಂದ ದಿನ ಮಾತ್ರ ಯಾವುದೂ ಬೇಡ.

ಇದಕ್ಕೆ ಮಾವನವರು ಒಪ್ಪುವ ಕಾರಣವೇ ಇದೆ. ಲಡಾಖ್‌ನ ಲೇಹ್‌ನಿಂದ ಹೊರಡುವುದು ಹವಾಮಾನದ ಕೈಯಲ್ಲಿ. ಅಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಜೋರು, ಅದಕ್ಕೇ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ ಹಾರುತ್ತವೆ. ಮೋಡ ಕವಿದರೆ ಅವತ್ತಿನದು ರದ್ದು. ಟ್ರಾನ್ಸಿಟ್ ಕ್ಯಾಂಪಿನಲ್ಲಿ, ಅಂದರೆ ಹೋಗಿಬರುವ ಸೈನಿಕರು ತಂಗುವ ಕಡೆ, ಮೂರ್ನಾಲ್ಕು ದಿನ ಕೂತು ಕಾಯುವುದು ಹೊಸದಲ್ಲ. ಆಮೇಲೆ ದೆಹಲಿ, ಅಲ್ಲಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿದು ಬೆಳಗಾವಿ. ಭಟ್ಟರಿಗೆ ಹೇಳಿ, ಪೆಂಡಾಲ್ ಹಾಕಿ, ಅಡುಗೆಯವರಿಗೆ ಮುಂಗಡ ಕೊಟ್ಟ ಮೇಲೆ ‘ಇನ್ನೂ ಲೇಹ್‌ನಲ್ಲೇ ಇದೀನಿ’ ಅಂತ ಫೋನ್ ಬಂದರೆ ಮನೆಯವರ ಮುಖ ನೋಡೋಕಾಗಲ್ಲ. ಅವನಿಗೂ ಅಲ್ಲಿ ಕೂತು ಹೊಟ್ಟೆ ಉರಿ.

ಇನ್ನೊಂದು ಕಾರಣ ಮೈಗೆ ಸಂಬಂಧಿಸಿದ್ದು. ಲೇಹ್ ಸುಮಾರು 11,500 ಅಡಿ ಎತ್ತರದಲ್ಲಿದೆ, ಪೋಸ್ಟ್‌ಗಳು ಅದಕ್ಕಿಂತ ಎಷ್ಟೋ ಮೇಲೆ. ನಮ್ಮ ಬೆಳಗಾವಿ ಸುಮಾರು 2,500 ಅಡಿ. ಕಡಿಮೆ ಆಮ್ಲಜನಕಕ್ಕೆ ಹೊಂದಿಕೊಂಡ ಮೈ ಕೆಳಗೆ ಬಂದ ಮೇಲೆ ಕೆಲವು ದಿನ ಸುಸ್ತು, ತೂಕಡಿಕೆ ತೋರಿಸುತ್ತದೆ. ಹಗಲೆಲ್ಲ ಮಲಗುತ್ತಾರೆ. ನೋಡಿದವರಿಗೆ ‘ಬಂದವನಿಗೆ ಮಾತೇ ಬೇಡ’ ಅನ್ನಿಸುತ್ತದೆ. ಮಾತು ಬೇಡ ಅಂತಲ್ಲ, ನಿದ್ದೆ ಬೇಕು ಅಷ್ಟೇ. ರಾತ್ರಿ ಪಾಳಿಯಲ್ಲಿ ಸೆಂಟ್ರಿ ಡ್ಯೂಟಿ ಮಾಡಿದವರ ನಿದ್ದೆ ಊರಿಗೆ ಬಂದ ಕೂಡಲೇ ಸರಿಹೋಗಲ್ಲ. ಟಿನ್ ಡಬ್ಬಿಯ ಊಟಕ್ಕೆ ಒಗ್ಗಿದ ಹೊಟ್ಟೆಗೆ ಮೊದಲ ದಿನವೇ ಹೋಳಿಗೆ, ತುಪ್ಪ, ಬದನೆಕಾಯಿ ಎಣ್ಣೆಗಾಯಿ ಎಲ್ಲ ತುಂಬಿದರೆ ಮರುದಿನ ಗುಡ್ಡದ ಬದಲು ದವಾಖಾನೆ. ಬಿಸಿ ರೊಟ್ಟಿ, ಪಲ್ಯ, ಮೊಸರು. ಅಷ್ಟು ಸಾಕು, ಅವರು ಕನಸು ಕಂಡಿರೋದೂ ಅದನ್ನೇ.

ಆದ್ದರಿಂದ ಬಾಗಿಲಲ್ಲಿ ಅತ್ತೆ ಆರತಿ ಎತ್ತಲಿ. ಅದು ಅವರದೇ ಹಕ್ಕು, ನೀವು ತಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲಿ. ಪೂಜೆ ವಾರ ಕಳೆದ ಮೇಲೆ. ಗುಡ್ಡ ಅದರ ನಂತರ, ಹುಣ್ಣಿಮೆ ಬಿಟ್ಟು ಬೇರೆ ದಿನ, ಜನ ಕಡಿಮೆ ಇರುತ್ತಾರೆ. ಮೆರವಣಿಗೆ ಮಾತ್ರ ನಿವೃತ್ತಿಯ ದಿನಕ್ಕೆ ಇಟ್ಟುಕೊಳ್ಳಿ. ಬೇಕಾದರೆ ಅವತ್ತು ಎರಡು ಡಿಜೆ ತರಿಸಿ, ನಾನೇ ಬಂದು ಕುಣಿಯುತ್ತೇನೆ. ಇದನ್ನೆಲ್ಲ ನೀವು ಹೇಳಿದರೆ ‘ಸೊಸೆ ತಡೀತಾಳೆ’ ಅಂತಾಗುತ್ತದೆ. ನಿಮ್ಮವರೇ ಫೋನಿನಲ್ಲಿ ಅಪ್ಪನಿಗೆ ಹೇಳಲಿ.

ಅದಕ್ಕೆ ಬಂದ ಮಾತು (ಗೋಕಾಕದಿಂದ, ಸೈನಿಕನ ತಾಯಿ): ಮೇಡಂ, ನನ್ನ ಮಗನೂ ಫೌಜಿನಲ್ಲಿದ್ದಾನೆ. ಊರಿನವರು ಪ್ರೀತಿಯಿಂದ ಹಾರ ಹಾಕ್ತೀವಿ ಅಂದರೆ ಬೇಡ ಅನ್ನೋದು ಸರಿಯಾ? 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ಅಂತ ಸೂಟಿ ಮೇಲಿದ್ದ ಹುಡುಗರನ್ನು ವಾಪಸ್ ಕರೆಸಿದರಲ್ಲ, ಆಗ ಇದೇ ಊರವರು ಬಸ್‌ಸ್ಟ್ಯಾಂಡ್ ತನಕ ಬಂದು ಕಳಿಸಿಕೊಟ್ಟರು. ಅವರಿಗೆ ಮುಖ ತೋರಿಸಬೇಡವೇ?

ಉತ್ತರ: ಖಂಡಿತ ತೋರಿಸಬೇಕು, ಅಕ್ಕಾ. ಒಂದು ಸಂಜೆ ಗುಡಿ ಮುಂದೆ, ಚಹಾ ಚುರುಮುರಿ ಇಟ್ಟು, ಎಲ್ಲರೂ ಬಂದು ಮಾತಾಡಿಸಲಿ. ಎಲ್ಲರಿಗೂ ಸಿಕ್ಕ ಹಾಗಾಯಿತು, ಮನೆಮನೆ ತಿರುಗುವುದೂ ತಪ್ಪಿತು. ಹಾರ ಬೇಕೋ ಬೇಡವೋ ಮಗನನ್ನೇ ಕೇಳಿ. ಕೆಲವರಿಗೆ ಖುಷಿ, ಕೆಲವರಿಗೆ ನಾಚಿಕೆ. ಇನ್ನು ಕೆಲವರು ಜೊತೆಗಾರನನ್ನು ಕಳೆದುಕೊಂಡು ಬಂದಿರುತ್ತಾರೆ, ಮನೆಯಲ್ಲಿ ಹೇಳಿರಲ್ಲ. ಅವರಿಗೆ ಹಾರ ಚುಚ್ಚುತ್ತದೆ. ‘ಗಡಿಯಲ್ಲಿ ಎಷ್ಟು ಜನರನ್ನ ಹೊಡೆದೆ’ ಅಂತ ಕೇಳುವ ದೊಡ್ಡವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಅವರನ್ನು ದೂರ ಕೂರಿಸುವ ಕೆಲಸ ನಿಮ್ಮದು.

ವಾಪಸ್ ಕರೆಸಿದ ಮಾತು ಎತ್ತಿದ್ದು ಒಳ್ಳೆಯದಾಯಿತು. ಪೂಜೆ ತಡಮಾಡಿ ಅಂದೆ, ಕೊನೆಯ ವಾರಕ್ಕೆ ತಳ್ಳಿ ಅನ್ನಲಿಲ್ಲ. ಹಾಗೆ ಕರೆ ಬಂದರೆ ಸೂಟಿ ಅರ್ಧಕ್ಕೇ ನಿಲ್ಲುತ್ತದೆ, ಮುಖ್ಯವಾದದ್ದು ಎರಡನೇ ವಾರದೊಳಗೆ ಮುಗಿದಿರಲಿ.

ಪ್ರಶ್ನೆ (ಹಾವೇರಿಯಿಂದ): ಮಗಳಿಗೆ ಒಂದೂವರೆ ವರ್ಷ. ಹೋದ ಸಲ ಅಪ್ಪನನ್ನು ನೋಡಿದಾಗ ಕೂಸು. ಈಗ ಎತ್ತಿಕೊಳ್ಳಲು ಹೋದರೆ ಕಿರುಚುತ್ತಾಳೆ. ನಮ್ಮವರು ಬಂದು ಮೂರು ದಿನವಾಯಿತು. ಮೊದಲ ಹುಟ್ಟುಹಬ್ಬಕ್ಕೆ ಇರಲಿಲ್ಲ ಅಂತ ಈಗ ದೊಡ್ಡದಾಗಿ ಮಾಡೋಣ ಅಂತಿದ್ದಾರೆ. ಮಗು ಹತ್ತಿರವೇ ಬರದಿದ್ದರೆ ಫೋಟೋ ಹೇಗೆ? ಅವರು ಮೇಲೆ ನಗ್ತಾರೆ, ರಾತ್ರಿ ಸುಮ್ಮನೆ ಕೂತಿರ್ತಾರೆ.

ಉತ್ತರ: ಮಗು ಸರಿಯಾಗೇ ಇದೆ. ಎಂಟು ತಿಂಗಳಿಂದ ಒಂದೂವರೆ ವರ್ಷದ ತನಕ ಹೊಸ ಮುಖ ಕಂಡರೆ ಹೆದರುವುದು ಬೆಳವಣಿಗೆಯ ಒಂದು ಹಂತ. ಫೋನಿನಲ್ಲಿ ನೋಡಿದ ಅಪ್ಪ ಅಂಗೈ ಅಗಲದವನು. ಈಗ ಬಂದವನು ಆರಡಿ, ಮೀಸೆ ಬೇರೆ, ವಾಸನೆಯೂ ಬೇರೆ.

ಯಾರೂ ಮಗುವನ್ನು ಅವರ ಕೈಗೆ ತುರುಕಬೇಡಿ. ‘ಅಪ್ಪ ಕಣೇ, ಹೋಗೇ’ ಅಂತ ಸುತ್ತ ನಿಂತು ಕೂಗುವುದು ಮೊದಲು ನಿಲ್ಲಲಿ. ಅವರು ನೆಲದ ಮೇಲೆ ಕೂರಲಿ, ಮಗುವನ್ನು ನೋಡದೆ ಡಬ್ಬಿ, ಚಮಚ ಇಟ್ಟುಕೊಂಡು ತಾವೇ ಆಡಲಿ. ಫೋನಿನಲ್ಲಿ ಯಾವ ಹಾಡು, ಯಾವ ಮುದ್ದು ಹೆಸರು ಹೇಳುತ್ತಿದ್ದರೋ ಅದನ್ನೇ ಹೇಳಲಿ. ದನಿ ಮಗುವಿಗೆ ಗೊತ್ತು. ಬರೀ ಆಟ ಸಾಲದು. ಊಟ, ಸ್ನಾನದ ಹೊತ್ತಿಗೆ ನೀವು ಮಾಡುವಾಗ ಅವರು ಪಕ್ಕದಲ್ಲಿರಲಿ, ದಿನಾ ಸ್ವಲ್ಪ ಸ್ವಲ್ಪ ಅವರ ಕೈಗೆ ಬಿಡಿ. ತಪ್ಪಾಗಿ ಲಂಗ ಹಾಕಿದರೆ ತಿದ್ದಬೇಡಿ. ಇದು ಕಷ್ಟ, ಗೊತ್ತು. ಇಷ್ಟು ದಿನ ಎಲ್ಲ ಒಬ್ಬರೇ ನಿಭಾಯಿಸಿದ್ದೀರಿ, ಇನ್ನೊಬ್ಬರು ಕೈಹಾಕಿದರೆ ಕಿರಿಕಿರಿ ಆಗುತ್ತದೆ. ಆದರೂ ಬಿಡಿ.

ಹುಟ್ಟುಹಬ್ಬ ಮಾಡಿ, ಆದರೆ ಹತ್ತು ಹದಿನೈದು ದಿನ ಆಗಲಿ. ತಪ್ಪಿಹೋದ ಹಬ್ಬವನ್ನು ಸೂಟಿಯಲ್ಲಿ ಮಾಡುವುದು ನಮ್ಮಲ್ಲಿ ಎಷ್ಟೋ ಮನೆಗಳ ಪದ್ಧತಿ. ಶ್ರಾವಣದ ಪಂಚಮಿ ಉಂಡಿ ಮಾಘದಲ್ಲಿ ಕಟ್ಟಿ, ತಂಗಿಯರನ್ನು ಕರೆದು ಜೋಕಾಲಿ ಆಡಿಸಿದವರನ್ನು ಕಂಡಿದ್ದೇನೆ. ಪಂಚಾಂಗ ಬೈಯಲ್ಲ. ದೀಪಾವಳಿ ಮಾಡುವುದಾದರೆ ಪಟಾಕಿ ಮಾತ್ರ ಅವರನ್ನು ಕೇಳಿ ತನ್ನಿ. ಹಿಂದಿನಿಂದ ದಿಢೀರ್ ಅಂತ ಢಂ ಅನ್ನಿಸುವುದು ಬೇಡ.

ರಾತ್ರಿ ಸುಮ್ಮನೆ ಕೂರುವುದು ಮೊದಲ ವಾರ ಇದ್ದರೆ ಗಾಬರಿ ಬೇಡ, ಪಕ್ಕದಲ್ಲಿ ನೀವೂ ಕೂತಿರಿ. ಕೆಟ್ಟ ಕನಸು, ಸಣ್ಣ ಮಾತಿಗೆ ರೇಗುವುದು, ದಿನಾ ಕುಡಿತ, ಯಾರನ್ನೂ ನೋಡಲು ಒಲ್ಲೆ ಅನ್ನುವುದು ವಾರಗಟ್ಟಲೆ ನಡೆದರೆ ಮುಚ್ಚಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗೂ ಅವರ ಮನೆಯವರಿಗೂ ಅಂತಲೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ (ಎಎಫ್‌ಎಂಸಿ) 2023ರ ಡಿಸೆಂಬರ್‌ನಿಂದ ಅದರದೇ ಒಂದು ಘಟಕವಿದೆ. ಜೀವ ಬೇಡ ಅನ್ನುವ ಮಾತು ಬಂದರೆ ದಿನ ಎಣಿಸುತ್ತ ಕೂರಬೇಡಿ, ಒಬ್ಬರನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸೂಟಿ ಮೇಲಿದ್ದವರು ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಹೋಗಬಹುದು.

ಪ್ರಶ್ನೆ (ಹಾಸನದಿಂದ, ಸದಸ್ಯರ ಪತಿ): ನನ್ನ ಹೆಂಡತಿ ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಕ್ಯಾಪ್ಟನ್. ಉತ್ತರದಲ್ಲಿ ಪೋಸ್ಟಿಂಗ್. ಮುಂದಿನ ವಾರ ಬರುತ್ತಾಳೆ. ನಮ್ಮಮ್ಮ ಖುಷಿಯಲ್ಲಿ ನೆಂಟರನ್ನೆಲ್ಲ ಕರೆದಿದ್ದಾರೆ. ಸೊಸೆ ಕೈಯಡುಗೆ ಎಲ್ಲರಿಗೂ ಸಿಗಲಿ ಅಂತ.

ಉತ್ತರ: ಸರ್, ಗಂಡುಮಗ ಸೂಟಿ ಮೇಲೆ ಬಂದರೆ ಅವನ ಕೈಲಿ ಅಡುಗೆ ಮಾಡಿಸುತ್ತಿದ್ದಿರಾ? ನೆಂಟರು ಬರಲಿ. ಅಕ್ಕಿರೊಟ್ಟಿ ನೀವು ತಟ್ಟಿ, ಸಾರು ಅಡುಗೆಯವರಿಗೆ ಹೇಳಿ. ನಿಮ್ಮ ಹೆಂಡತಿ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಬಿಸಿನೀರು ಹಾಕಿಕೊಂಡು ಕೂರಲಿ. ಅವರ ತವರಿಗೂ ಸೂಟಿಯಲ್ಲಿ ಪಾಲಿದೆ, ಟಿಕೆಟ್ ಈಗಲೇ ಮಾಡಿಡಿ.

ಪ್ರಶ್ನೆ (ಬಾಗಲಕೋಟೆಯಿಂದ): ಬರುವ ದಿನ ಸ್ಟೇಟಸ್ ಹಾಕಬಹುದಾ ಮೇಡಂ? ರೀಲ್ಸ್ ಮಾಡೋಣ ಅಂತ ನಾದಿನಿ ಪ್ಲಾನ್ ಹಾಕಿದ್ದಾಳೆ.

ಉತ್ತರ: ಬೇಡ. 2020ರ ಜುಲೈನಲ್ಲಿ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಿರಿ ಅಂತ ಸೈನಿಕರಿಗೆ ಹೇಳಿತ್ತು. ಅವರು ಇಷ್ಟು ಎಚ್ಚರವಾಗಿದ್ದು, ಮನೆಯವರು ರೈಲು, ತಾರೀಖು, ಯೂನಿಟ್ಟು, ಯೂನಿಫಾರಂ ಎಲ್ಲ ಊರಿಗೆ ಸಾರಿದರೆ ಏನು ಬಂತು? ವಿಡಿಯೋ ತೆಗೆಯಿರಿ, ಮನೆಯಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ (ಸೂಟಿ ಮೇಲೆ ಬಂದಿರುವ ಸೈನಿಕರೊಬ್ಬರಿಂದ): ಅಕ್ಕಾ, ಗುಂಪಿನಲ್ಲಿ ಹೆಂಡತಿ ಇದ್ದಾಳೆ, ಅವಳ ಫೋನಿನಿಂದ ಬರೀತಿದೀನಿ. ನಮಗೆ ವರ್ಷಕ್ಕೆ 60 ದಿನ ಆ್ಯನುಯಲ್ ಲೀವ್, 30 ದಿನ ಕ್ಯಾಶುಯಲ್. ಕೇಳೋಕೆ ಜಾಸ್ತಿ. ಬಂದರೆ ಮೋಟರ್ ಕೆಟ್ಟಿದೆ, ಹೊಲದ ಬದುವಿನ ಜಗಳ, ರೇಷನ್ ಕಾರ್ಡ್, ತಮ್ಮನ ಮದುವೆ ಮಾತುಕತೆ. ಗೆಳೆಯರು ಮಿಲಿಟರಿ ಕ್ಯಾಂಟೀನ್ ರಮ್ ಎಲ್ಲಿ ಅಂತಾರೆ. ಹೋಗೋ ಹೊತ್ತಿಗೆ ‘ಇನ್ನೆರಡು ದಿನ ಇರು’ ಅಂತ ಅಮ್ಮ ಅಳ್ತಾಳೆ. ಹೆಂಡತಿ ಜೊತೆ ಕೂತು ಮಾತಾಡಿದ್ದೇ ಇಲ್ಲ.

ಉತ್ತರ: ತಮ್ಮಾ, ಈ ಮಾತು ನಿಮ್ಮ ಬಾಯಿಂದಲೇ ಬಂದಿದ್ದು ಒಳ್ಳೆಯದು. ಹೆಂಗಸರು ಹೇಳಿದರೆ ದೂರು ಅನ್ನಿಸುತ್ತದೆ.

ಮೋಟರ್ ಕೆಲಸ ತಮ್ಮ ಮಾಡಿಸಲಿ. ಬದುವಿನ ಜಗಳ ಒಂದು ಸೂಟಿಯಲ್ಲಿ ಮುಗಿಯಲ್ಲ, ಮುಗಿಸಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ. ನೀವೇ ಮಾಡಬೇಕಾದದ್ದು ಒಂದಿದೆ. ಮಗು ಹುಟ್ಟಿದ್ದು, ಮದುವೆಯಾದದ್ದು ಯೂನಿಟ್ಟಿನಲ್ಲಿ ಪಾರ್ಟ್ 2 ಆರ್ಡರ್ ಆಗಿದೆಯಾ, ಅಂದರೆ ನಿಮ್ಮ ಸೇವಾ ದಾಖಲೆಗೆ ಸೇರಿದೆಯಾ? ಇಲ್ಲದಿದ್ದರೆ ಜನನ ಪ್ರಮಾಣಪತ್ರದಲ್ಲಿ ಹೆಸರುಗಳ ಅಕ್ಷರ ಸರಿಯಿದೆಯಾ ನೋಡಿ, ಪ್ರತಿ ಜೊತೆಗೆ ಒಯ್ಯಿರಿ. ಬ್ಯಾಂಕಿನ ನಾಮಿನಿ ಯಾರು ಅಂತ ಹೆಂಡತಿಗೂ ಗೊತ್ತಿರಲಿ. ಒಂದು ದಿನ ಇಬ್ಬರೂ ಒಟ್ಟಿಗೇ ಹೋಗಿ ಮುಗಿಸಿ, ಬರುವಾಗ ಹೋಟೆಲಿನಲ್ಲಿ ದೋಸೆ ತಿಂದು ಬನ್ನಿ. ಅದೂ ತಿರುಗಾಟವೇ, ಮಾತು ತಾನಾಗೇ ಬರುತ್ತದೆ.

ರಮ್ ವಿಷಯ: ಒಂದು ಬಾಟಲಿ ಒಂದೇ ಸಂಜೆಗೆ, ಮುಗೀತು ಅಂದರೆ ಮುಗೀತು.

‘ಇನ್ನೆರಡು ದಿನ’ದ ಮಾತು ಅಮ್ಮನಿಗೆ ಈಗಲೇ ಬಿಡಿಸಿ ಹೇಳಿ. ಸರಿಯಾದ ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು 1950ರ ಸೇನಾ ಕಾಯ್ದೆಯ 39ನೇ ಸೆಕ್ಷನ್ನಿನಲ್ಲಿ ಅಪರಾಧ. ನಿಜಕ್ಕೂ ತುರ್ತಿದ್ದರೆ ಮುಗಿಯುವ ಮೊದಲೇ ಯೂನಿಟ್ಟಿಗೆ ತಿಳಿಸಿ ಕೇಳಬೇಕು. ಲಡಾಖ್‌ಗೆ ವಾಪಸ್ ಹೋಗುವವರಾದರೆ ಮೇಲೆ ಹತ್ತುವ ಮೊದಲು ಮತ್ತೆ ಆ ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳುವ ದಿನಗಳೂ ಇರುತ್ತವೆ ಅಂತ ಅಮ್ಮನಿಗೆ ಹೇಳಿ. ಹೋದ ದಿನವೇ ಪೋಸ್ಟಿಗೆ ಕಳಿಸಲ್ಲ ಅಂತ ತಿಳಿದರೆ ಅವರ ಜೀವಕ್ಕೂ ಸ್ವಲ್ಪ ಸಮಾಧಾನ.

ಬೈಲಹೊಂಗಲದ ಸದಸ್ಯೆ: ಮೇಡಂ, ಮಾವ ಒಪ್ಪಿದರು. ನಮ್ಮವರೇ ಫೋನ್ ಮಾಡಿ ಹೇಳಿದ್ದಕ್ಕೆ ಕೆಲಸ ಆಯ್ತು. ಪೂಜೆ ಮುಂದಿನ ವಾರಕ್ಕೆ ಹೋಯಿತು. ಜೀಪ್ ಮಾತ್ರ ಬಿಡ್ತಿಲ್ಲ, ಡಿಜೆ ಇಲ್ಲದೆ ಬರೀ ಜೀಪಿನಲ್ಲಿ ಮನೆಗೆ ಕರ್ಕೊಂಡು ಬರ್ತೀನಿ ಅಂತಾರೆ. ಇನ್ನೊಂದು, ವಾಪಸ್ ಹೋಗುವಾಗ ಬುತ್ತಿ ಏನು ಕಟ್ಟಲಿ?

ಉತ್ತರ: ಜೀಪ್ ಇರಲಿ ಬಿಡಿ, ಅಪ್ಪನಿಗೂ ಒಂದು ಆಸೆ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ, ಕರದಂಟು. ಒಬ್ಬರಿಗಲ್ಲ, ಅವರ ಸೆಕ್ಷನ್ನಿನ ಜೊತೆಗಾರರಿಗೆಲ್ಲ ಆಗುವಷ್ಟು ಕಟ್ಟಿ, ಹೇಗೂ ಹಂಚಿಯೇ ತಿನ್ನುತ್ತಾರೆ. ರೊಟ್ಟಿ ಪುಡಿಯಾಗದ ಹಾಗೆ ಸ್ಟೀಲ್ ಡಬ್ಬಿಯಲ್ಲಿ ಇಡಿ. ಎಣ್ಣೆ ಇರುವ ಉಪ್ಪಿನಕಾಯಿ ಬೇಡ, ಬ್ಯಾಗಿನಲ್ಲಿ ಸೋರಿ ಯೂನಿಫಾರಂ ಕೆಡುತ್ತದೆ.