ಮಗ ನೋಡುವ ಮೂರು ಚಾನೆಲ್‌ಗಳ ಬಗ್ಗೆ ದೊಡ್ಡಮ್ಮನ ಉತ್ತರ

ನೋಡಮ್ಮ, ಮೊನ್ನೆ ರಾತ್ರಿ ನೀನು ಈ ಗ್ರೂಪಿನಲ್ಲಿ ಮೂರು ಯೂಟ್ಯೂಬ್ ಚಾನೆಲ್‌ಗಳ ಲಿಂಕ್ ಹಾಕಿ, ‘ಒಂಬತ್ತು ವರ್ಷದ ಹುಡುಗ ಇವನ್ನು ನೋಡಬಹುದೇ ದೊಡ್ಡಮ್ಮ, ಕೆಟ್ಟ ಮಾತೇನೂ ಇಲ್ಲ, ಆದರೂ ಮನಸ್ಸು ಒಪ್ಪುತ್ತಿಲ್ಲ’ ಎಂದು ಕೇಳಿದ್ದೆ. ನಿನ್ನ ಸೋದರಮಾವ ಮೈಸೂರಿನಿಂದಲೇ ‘ಮೊದಲು ಫೋನ್ ಕಿತ್ತುಕೋ’ ಎಂದು ತೀರ್ಪು ಕೊಟ್ಟುಬಿಟ್ಟ; ನನ್ನ ಸೊಸೆ ‘ಎಲ್ಲರ ಮಕ್ಕಳೂ ನೋಡುತ್ತವೆ, ಬಿಡಿ’ ಎಂದಳು. ನೀನು ಕೇಳಿದ್ದಕ್ಕೆ ಇಬ್ಬರೂ ಉತ್ತರ ಕೊಡಲಿಲ್ಲ. ಟೈಪ್ ಮಾಡಲು ನನ್ನ ಬೆರಳು ಒಪ್ಪುವುದಿಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ತರಕಾರಿ ಹೆಚ್ಚುತ್ತಾ ಕೇಳು.

ಎರಡು ಮಧ್ಯಾಹ್ನ ಕುಳಿತು ಮೂರೂ ಚಾನೆಲ್‌ಗಳಲ್ಲಿ ನಾಲ್ಕು ನಾಲ್ಕು ವಿಡಿಯೊ ನೋಡಿದೆ. ನೀನು ಕಳುಹಿಸಿದ್ದನ್ನು ಮಾತ್ರ ನೋಡದೆ, ಅತಿ ಹೆಚ್ಚು ಜನ ನೋಡಿದ್ದೊಂದು, ಹೋದ ವಾರದ್ದೊಂದು, ಎರಡು ವರ್ಷ ಹಳೆಯದೊಂದು ಎಂದು ಆರಿಸಿಕೊಂಡೆ. ಏಕೆಂದರೆ ಕಾಗದದ ದೋಣಿ ಮಾಡುವುದರಿಂದ ಆರಂಭಿಸಿದವರು ಸಬ್‌ಸ್ಕ್ರೈಬರ್‌ಗಳು ಹೆಚ್ಚಿದಂತೆಲ್ಲ ಎಲ್ಲಿಗೆ ಬಂದು ನಿಂತಿದ್ದಾರೆ ಎಂಬುದು ಒಂದೇ ವಿಡಿಯೊದಿಂದ ತಿಳಿಯುವುದಿಲ್ಲ. ‘ಕೆಟ್ಟ ಮಾತಿಲ್ಲ’ ಎಂಬ ನಿನ್ನ ಜರಡಿ ನಮ್ಮ ಕಾಲದ್ದು. ನಾನು ನೋಡಿದ್ದು, ಆ ಮನುಷ್ಯ ನಮ್ಮ ಹುಡುಗನಿಂದ ಏನನ್ನು ಬಯಸುತ್ತಿದ್ದಾನೆ ಎಂಬುದನ್ನು.

ಮೊದಲನೆಯ, ಆಟಿಕೆಗಳ ಡಬ್ಬ ಬಿಚ್ಚುವ ಚಾನೆಲ್ ಬಯಸುವುದು ನಿನ್ನ ಗಂಡನ ಪರ್ಸನ್ನು. ಬೇರೆ ಜಾಹೀರಾತು ಬಂದರೆ ಮಕ್ಕಳೂ ಸ್ಕಿಪ್ ಒತ್ತುತ್ತಾರೆ. ಇಲ್ಲಿ ಇಡೀ ವಿಡಿಯೊವೇ ಜಾಹೀರಾತಾದ್ದರಿಂದ ಒತ್ತಲು ಏನೂ ಇಲ್ಲ. ‘ಫ್ರೆಂಡ್ಸ್, ನಿಮಗೋಸ್ಕರ ತಂದಿದ್ದೇನೆ’ ಎನ್ನುವವನನ್ನು ನಿನ್ನ ಮಗ ಅಂಗಡಿಯವನೆಂದು ಭಾವಿಸುವುದಿಲ್ಲ, ಗೆಳೆಯನೆಂದೇ ಭಾವಿಸುತ್ತಾನೆ. ಇದಕ್ಕೆ ನಿಯಮವೇ ಇಲ್ಲವೆಂದು ತಿಳಿಯಬೇಡ. ಜಾಹೀರಾತು ಮಾನದಂಡಗಳ ಮಂಡಳಿ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ಮಾಡಿತು. ಹಣ ಪಡೆದರೂ ಸರಿ, ವಸ್ತುವನ್ನು ಪುಕ್ಕಟೆ ಪಡೆದರೂ ಸರಿ, ಅದನ್ನು ಹೇಳಲೇಬೇಕು, ಮತ್ತು ವಿಡಿಯೊ 2 ನಿಮಿಷ ಮೀರಿದರೆ ವಸ್ತುವನ್ನು ಹೊಗಳುವಷ್ಟು ಹೊತ್ತೂ ‘ಇದು ಜಾಹೀರಾತು’ ಎಂಬ ಚೀಟಿ ತೆರೆಯ ಮೇಲೆ ಇರಬೇಕು. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು, ಮಕ್ಕಳ ಅನನುಭವವನ್ನೂ ನಂಬಿಕೆಯನ್ನೂ ಜಾಹೀರಾತುಗಳು ದುರುಪಯೋಗ ಮಾಡಿಕೊಳ್ಳಬಾರದೆಂದು ಮಾರ್ಗಸೂಚಿ ಹೊರಡಿಸಿತು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿಯವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಆದರೆ ನಾಲ್ಕನೇ ತರಗತಿಯ ಹುಡುಗ ಮೂಲೆಯಲ್ಲಿರುವ ‘ಸ್ಪಾನ್ಸರ್ಡ್’ ಎಂಬ ಅಕ್ಷರವನ್ನು ಓದುತ್ತಾನೆಯೇ? ಓದಿದರೂ ಅದರ ಅರ್ಥವನ್ನು ನಾವೇ ಹೇಳಿಕೊಡಬೇಕು.

ನನ್ನ ಮೊಮ್ಮಗನಿಗೆ ನಾನು ಅದನ್ನು ಹೇಳಿಕೊಟ್ಟದ್ದು ಗಾಂಧಿ ಬಜಾರಿನ ಒಂದು ಅಂಗಡಿಯ ಮುಂದೆ. ಯಾವನೋ ವಿಡಿಯೊದಲ್ಲಿ ಗಟಗಟನೆ ಕುಡಿದ ಎನರ್ಜಿ ಡ್ರಿಂಕ್ ಬೇಕೆಂದು ಹಟ ಹಿಡಿದು ನಿಂತುಬಿಟ್ಟ. ಬಯ್ಯಲಿಲ್ಲ, ಡಬ್ಬಿಯನ್ನು ಅವನ ಕೈಗೇ ಕೊಟ್ಟು, ನನ್ನ ಕನ್ನಡಕವಿಲ್ಲ, ಇದರಲ್ಲಿ ಏನು ಬರೆದಿದೆ ಓದಪ್ಪ ಎಂದೆ. ಮಕ್ಕಳಿಗೆ ಸೂಕ್ತವಲ್ಲ ಎಂದು ಕೆಫೀನ್ ಇರುವ ಇಂಥ ಪಾನೀಯಗಳ ಮೇಲೆ ಮುದ್ರಿಸುವುದು ನಮ್ಮ ದೇಶದಲ್ಲಿ ಕಡ್ಡಾಯ. ಅವನೇ ಓದಿ, ‘ಅಜ್ಜಿ, ಆ ಅಣ್ಣ ಇದನ್ನು ಹೇಳಲೇ ಇಲ್ಲ’ ಎಂದ. ಕನ್ನಡಕ ನನ್ನ ಚೀಲದಲ್ಲೇ ಇತ್ತು, ಅದು ಬೇರೆ ಮಾತು.

ಎರಡನೆಯದು, ತಮ್ಮನನ್ನು ಕೋಣೆಯಲ್ಲಿ 24 ಗಂಟೆ ಕೂಡಿಹಾಕಿ ತಮಾಷೆ ನೋಡುವ ಚಾನೆಲ್, ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಒಮ್ಮೆ ಶಬ್ದ ಪೂರ್ತಿ ತೆಗೆದು ನೋಡು: ಹಿನ್ನೆಲೆಯ ನಗು ಹೋದರೆ ಅಲ್ಲಿ ಉಳಿಯುವುದು ಅಳುತ್ತಿರುವ ಒಂದು ಮಗು ಮಾತ್ರ. ಒಂದು ಹಗಲು ಒಂದು ರಾತ್ರಿಯನ್ನು ಹನ್ನೆರಡು ನಿಮಿಷಕ್ಕೆ ಕತ್ತರಿಸಿ ಜೋಡಿಸಿದ್ದಾರೆ, ಕ್ಯಾಮೆರಾದ ಹಿಂದೆ ದೊಡ್ಡವರಿದ್ದಾರೆ ಎಂಬುದು ನಮಗೆ ಹೊಳೆಯುತ್ತದೆ. ನಿನ್ನ ಮಗನಿಗೆ ಕಾಣುವುದು ಬಾಗಿಲು ಮತ್ತು ಚಿಲಕ. ಮನೆಯಲ್ಲಿ ನಾಲ್ಕು ವರ್ಷದ ತಂಗಿ ಇದ್ದಾಳೆ ಎಂಬುದನ್ನು ಮರೆಯಬೇಡ. ಇದು ಬೇಡ.

ಮೂರನೆಯದನ್ನು ನೋಡಲಿ. ಆ ಪ್ರಯೋಗದ ಮೇಷ್ಟ್ರು ಎರಡು ಸಲ ತಪ್ಪು ಮಾಡಿ, ತಪ್ಪನ್ನು ತೆಗೆದುಹಾಕದೆ ತೋರಿಸಿ, ಬೆಂಕಿಕಡ್ಡಿ ಗೀರುವ ಮುನ್ನ ‘ದೊಡ್ಡವರನ್ನು ಕರೆಯಿರಿ’ ಎಂದು ನಿಂತರು. ಅಷ್ಟಕ್ಕೇ ನನಗೆ ಅವರ ಮೇಲೆ ಗೌರವ ಬಂತು. ವಿಡಿಯೊ ಮುಗಿದ ಮೇಲೆ ಏನಾಯಿತು ಹೇಳು ಎಂದು ಹುಡುಗನನ್ನು ಕೇಳು. ನನ್ನ ಮೊಮ್ಮಗ ನಿಂಬೆರಸದ ಪ್ರಯೋಗವನ್ನು ಊಟ ಮುಗಿಯುವವರೆಗೂ ವಿವರಿಸಿದ. ಆಟಿಕೆಯ ವಿಡಿಯೊ ಬಗ್ಗೆ ಕೇಳಿದರೆ ‘ಸೂಪರ್ ಆಗಿತ್ತು’ ಎಂದವನು ಮುಂದಿನ ಮಾತಿಗೇ ‘ಯಾವಾಗ ಕೊಡಿಸುತ್ತೀರಿ’ ಎಂದ.

ಇನ್ನೊಂದು ಸುಲಭದ ಗುರುತು ಹೇಳುತ್ತೇನೆ. ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ಮಾಹಿತಿ ಸಂಗ್ರಹಿಸಿದ ಪ್ರಕರಣದಲ್ಲಿ 2019ರಲ್ಲಿ ಗೂಗಲ್ ಅಮೆರಿಕದಲ್ಲಿ 17 ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡ ಮೇಲೆ, ತಮ್ಮ ವಿಡಿಯೊ ಮಕ್ಕಳಿಗಾಗಿ ಮಾಡಿದ್ದೋ ಅಲ್ಲವೋ ಎಂದು ಚಾನೆಲ್‌ನವರೇ ಯೂಟ್ಯೂಬ್‌ಗೆ ತಿಳಿಸಬೇಕಾಯಿತು. ಮಕ್ಕಳದ್ದು ಎಂದು ಗುರುತಾದ ವಿಡಿಯೊದಲ್ಲಿ ಕಾಮೆಂಟ್ ಹಾಕಲಾಗುವುದಿಲ್ಲ. ಹಾಗಾಗಿ ಕೆಳಗೆ ಕಾಮೆಂಟ್‌ಗಳು ತುಂಬಿದ್ದರೆ, ಬಣ್ಣಬಣ್ಣದ ಗೊಂಬೆ ಎಷ್ಟೇ ಇರಲಿ, ಅದು ಮಕ್ಕಳ ವಿಡಿಯೊ ಎಂದು ಗುರುತಾಗಿಲ್ಲ ಎಂದು ತಿಳಿ. ಆ ಕಾಮೆಂಟ್‌ಗಳನ್ನೂ ಎರಡು ನಿಮಿಷ ಓದು. ಅಲ್ಲಿ ಯಾರು, ಎಂಥ ಭಾಷೆಯಲ್ಲಿ ಮಾತನಾಡುತ್ತಾರೆ ಎಂಬುದರಿಂದ ಬಹಳ ತಿಳಿಯುತ್ತದೆ.

ನಿನ್ನ ಗಂಡನ ಅಕೌಂಟ್‌ನಲ್ಲಿ ನೋಡಲು ಬಿಡುವುದನ್ನಂತೂ ಇಂದೇ ನಿಲ್ಲಿಸು. ಅವನ ರಾಜಕೀಯ ಚರ್ಚೆ, ಕ್ರಿಕೆಟ್ ಜಗಳ ಎಲ್ಲವೂ ಹುಡುಗನ ಸಾಲಿಗೆ ಬಂದು ಸೇರುತ್ತವೆ. ಯೂಟ್ಯೂಬ್ ಕಿಡ್ಸ್‌ನಲ್ಲಿ 9ರಿಂದ 12 ವರ್ಷದವರಿಗೆ ಬೇರೆ ವಿಭಾಗವಿದೆ. ಅದಕ್ಕಿಂತ, ನೀನೇ ಆರಿಸಿದ ಚಾನೆಲ್‌ಗಳು ಮಾತ್ರ ಕಾಣುವ ವ್ಯವಸ್ಥೆಯೂ ಅದರಲ್ಲಿದೆ, ಅದೇ ವಾಸಿ. ಫೋನ್ ಇಲ್ಲದೆ ಊಟವೇ ಇಳಿಯುವುದಿಲ್ಲ, ಕಿತ್ತುಕೊಂಡರೆ ಮೈಮೇಲೆ ಬೀಳುತ್ತಾನೆ ಎನ್ನುವ ಮಟ್ಟಕ್ಕೆ ಹೋದರೆ ಮಾತ್ರ ಅದು ಚಾನೆಲ್ ಆರಿಸುವ ಪ್ರಶ್ನೆಯಾಗಿ ಉಳಿಯುವುದಿಲ್ಲ. ನಿಮ್ಹಾನ್ಸ್‌ನವರು ಇದಕ್ಕೆಂದೇ 2014ರಲ್ಲಿ ಶಟ್ ಕ್ಲಿನಿಕ್ ಆರಂಭಿಸಿದ್ದಾರೆ. ನಿನ್ನ ಮಗನಿಗೆ ಅದರ ಅಗತ್ಯ ನನಗೆ ಕಾಣಲಿಲ್ಲ.

ಆಟಿಕೆಯ ಚಾನೆಲ್ ಬಗ್ಗೆ ಹೇಳುವುದು ಉಳಿಯಿತು. ಒಮ್ಮೆಲೇ ನಿಲ್ಲಿಸಿದರೆ ಗೆಳೆಯರ ಮನೆಯಲ್ಲಿ ನೋಡುತ್ತಾನೆ. ಭಾನುವಾರ ನಾನೇ ರಾಜರಾಜೇಶ್ವರಿ ನಗರಕ್ಕೆ ಬರುತ್ತೇನೆ. ಅವನ ಪಕ್ಕದಲ್ಲಿ ಕುಳಿತು ಒಂದು ವಿಡಿಯೊ ನೋಡೋಣ, ಯಾವ ಕ್ಷಣದಲ್ಲಿ ಮಾರಾಟ ಶುರುವಾಯಿತೆಂದು ಅವನೇ ಕೈ ಎತ್ತಿ ಹೇಳಲಿ. ಮೊದಲು ಗುರುತಿಸಿದವರಿಗೆ ಒಂದು ಕೋಡುಬಳೆ ಹೆಚ್ಚು. ಹಿಟ್ಟು ಬೀಸಿಸಿ ಇಟ್ಟಿದ್ದೇನೆ, ನೀನು ಮಾಡಬೇಡ.