ಬಟವಾಡೆಯ ಸ್ಕ್ರೀನ್‌ಶಾಟ್‌ಗಳು ಡಿಲೀಟ್ ಆಗಿವೆ, ವಾಪಸ್ ತರೋದು ಹೇಗೆ?

ತೋಟದ ರೈಟರ್, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದೀನಿ. ಈಗ ರೋಬಸ್ಟಾ ಕೊಯ್ಲು. ಶನಿವಾರ ಬಟವಾಡೆ, ಅರ್ಧಕ್ಕಿಂತ ಹೆಚ್ಚು ಜನ ಯುಪಿಐನಲ್ಲೇ ಹಾಕಿ ಅಂತಾರೆ. ಒಬ್ಬೊಬ್ಬರಿಗೆ ಹಾಕಿದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಡ್ತೀನಿ, ನನ್ನ ಲೆಕ್ಕ ನಿಂತಿರೋದೇ ಅದರ ಮೇಲೆ.

ಹೋದ ವಾರ ಫೋನ್‌ನಲ್ಲಿ ಜಾಗ ಇಲ್ಲ ಅಂತ ಒಂದು ಕ್ಲೀನರ್ ಆ್ಯಪ್ ತೆರೆದೆ. ಅದು 'ಹಳೇ ಸ್ಕ್ರೀನ್‌ಶಾಟ್' ಅಂತ ಒಂದು ಪಟ್ಟಿ ತೋರಿಸಿತು, ಸರಿಯಾಗಿ ನೋಡದೆ ಡಿಲೀಟ್ ಒತ್ತಿಬಿಟ್ಟೆ. ನಿನ್ನೆ ಕಡೂರು ಕಡೆಯಿಂದ ಹಣ್ಣು ಕುಯ್ಯೋಕೆ ಬಂದಿರೋ ಒಬ್ಬರು ಅಮ್ಮ, ಮೂರು ವಾರದ ಹಿಂದಿನ 3,200 ರೂಪಾಯಿ ಬಂದೇ ಇಲ್ಲ ಅಂದ್ರು. ನಾನು ಹಾಕಿದ್ದು ಖಂಡಿತ. ಆದರೆ ತೋರಿಸೋಕೆ ಏನೂ ಇಲ್ಲ. ಆಯಮ್ಮ ಸುಳ್ಳು ಹೇಳೋರೂ ಅಲ್ಲ. ರಾತ್ರಿಯೆಲ್ಲ ನಿದ್ದೆ ಇಲ್ಲ. ಯಾವುದಾದರೂ ರಿಕವರಿ ಆ್ಯಪ್ ಹಾಕಲಾ? ಫೋನ್ ಆಂಡ್ರಾಯ್ಡ್.

ಮೊಬೈಲ್ ರಿಪೇರಿ, ಚಿಕ್ಕಮಗಳೂರು

ರಿಕವರಿ ಆ್ಯಪ್ ಹಾಕಬೇಡಿ ಮಾರಾಯ್ರೆ. ಅವು ಫೋನ್‌ನ ಎಲ್ಲಾ ಫೈಲಿಗೂ ಅನುಮತಿ ಕೇಳ್ತವೆ. ದುಡ್ಡಿನ ವ್ಯವಹಾರ ಇರೋ ಫೋನ್‌ಗೆ ಅದು ಬೇಡವೇ ಬೇಡ.

ಡಿಲೀಟ್ ಮಾಡಿ ಒಂದು ವಾರ ಅಷ್ಟೇ ಅಂದ್ರಿ. ಹಾಗಾದರೆ ಇನ್ನೂ ಟ್ರ್ಯಾಶ್‌ನಲ್ಲಿ, ಅಂದರೆ ಅಳಿಸಿದ್ದು ಕೆಲವು ದಿನ ಉಳಿಯೋ ಜಾಗದಲ್ಲಿ, ಇರೋ ಸಾಧ್ಯತೆ ಹೆಚ್ಚು. ಮೊದಲು ಡಿಲೀಟ್ ಮಾಡಿದ ಆ ಆ್ಯಪ್‌ನದೇ ಟ್ರ್ಯಾಶ್ ನೋಡಿ, ಆಮೇಲೆ ಗ್ಯಾಲರಿಯದು, ಆಮೇಲೆ ಗೂಗಲ್ ಫೋಟೋಸ್‌ನದು. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಚಿತ್ರ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತೆ, ಬ್ಯಾಕಪ್ ಆಗದೇ ಇದ್ದದ್ದು 30 ದಿನ. ಸಿಕ್ಕಿದ್ದನ್ನು ಒತ್ತಿ ಹಿಡಿದು ರಿಸ್ಟೋರ್ ಕೊಡಿ.

ಇನ್ನೊಂದು ಮಾತು. ಆಯಮ್ಮನ ವಿಷಯಕ್ಕೆ ಸ್ಕ್ರೀನ್‌ಶಾಟೇ ಬೇಕು ಅಂತಿಲ್ಲ. ದುಡ್ಡು ಹಾಕಿದ ಆ್ಯಪ್‌ನ ಹಿಸ್ಟರಿಯಲ್ಲಿ ಆ ದಿನಕ್ಕೆ ಹೋಗಿ ಆ ಪಾವತಿ ತೆರೆಯಿರಿ. ಅಲ್ಲಿ 12 ಅಂಕಿಯ ಯುಟಿಆರ್ ನಂಬರ್, ಅಂದರೆ ಆ ಪಾವತಿಯ ಗುರುತಿನ ನಂಬರ್, ಇರುತ್ತೆ. ಬ್ಯಾಂಕಿನವರು ಕೇಳೋದು ಚಿತ್ರ ಅಲ್ಲ, ಆ ನಂಬರ್. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲೂ ಅದೇ ಬರುತ್ತೆ.

ತೋಟದ ರೈಟರ್, ಮೂಡಿಗೆರೆ

ಕ್ಲೀನರ್ ಆ್ಯಪ್‌ನ ಟ್ರ್ಯಾಶ್‌ನಲ್ಲೇ ಇತ್ತು ಸರ್! 140 ವಾಪಸ್ ಬಂದವು, ಕೈ ನಡುಗ್ತಾ ಇತ್ತು ಒತ್ತುವಾಗ. ಆದರೆ ಆಯಮ್ಮಂದು ಅದರಲ್ಲಿಲ್ಲ, ಆವತ್ತು ತೆಗೆದೇ ಇರಲಿಲ್ಲ ಅನ್ಸುತ್ತೆ. ಮಳೆ ಹನೀತಿತ್ತು, ಒದ್ದೆ ಕೈಯಲ್ಲಿ ಮೂರು ಬೆರಳು ಎಳೆದರೂ ಸ್ಕ್ರೀನ್‌ಶಾಟ್ ಬರ್ತಿರಲಿಲ್ಲ. ಹಿಸ್ಟರಿಯಲ್ಲಿ ಪಾವತಿ ಇದೆ, 'ಸಕ್ಸಸ್' ಅಂತಲೂ ಇದೆ. ನಂಬರ್ ಬರ್ಕೊಂಡೆ. ಈಗ?

ಮೊಬೈಲ್ ರಿಪೇರಿ, ಚಿಕ್ಕಮಗಳೂರು

ಸಕ್ಸಸ್ ಅಂತ ಇದ್ದರೆ ಆಯಮ್ಮನ ಫೋನ್ ನಂಬರಿಗೆ ಯಾವ ಬ್ಯಾಂಕ್ ಖಾತೆ ಜೋಡಿಸಿದೆ ಅಂತ ಕೇಳಿ. ತುಂಬಾ ಜನರಿಗೆ ಎರಡು ಖಾತೆ ಇರ್ತವೆ, ಒಂದರ ಪಾಸ್‌ಬುಕ್ ಮಾತ್ರ ನೋಡ್ತಾರೆ. ನಿಜವಾಗಿಯೂ ನಿಮ್ಮಲ್ಲಿ ಕಡಿತ ಆಗಿ ಅವರಿಗೆ ಜಮಾ ಆಗದೇ ಇದ್ದರೆ, ಆರ್‌ಬಿಐನ 2019ರ ಸುತ್ತೋಲೆ ಪ್ರಕಾರ ಮಾರನೇ ದಿನದೊಳಗೆ ದುಡ್ಡು ನಿಮಗೆ ವಾಪಸ್ ಬರಬೇಕು, ತಡ ಮಾಡಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಅದಕ್ಕೂ ಆ 12 ಅಂಕಿಯೇ ಆಧಾರ.

ಒದ್ದೆ ಕೈಗೆ ಬೆರಳು ಎಳೆಯೋ ವಿಧಾನ ಆಗಲ್ಲ, ಗಾಜಿನ ಮೇಲಿನ ನೀರಿನಿಂದ ಫೋನ್‌ಗೆ ಬೆರಳು ಎಷ್ಟು ಅಂತ ಸರಿಯಾಗಿ ಗೊತ್ತಾಗಲ್ಲ. ಪವರ್ ಬಟನ್ ಮತ್ತು ವಾಲ್ಯೂಮ್ ಕಡಿಮೆ ಮಾಡೋ ಬಟನ್ ಒಟ್ಟಿಗೆ ಒತ್ತಿ ಬಿಡಿ. ಮಳೆಗಾಲದಲ್ಲಿ ನಾನು ಎಲ್ಲರಿಗೂ ಹೇಳೋದು ಇದನ್ನೇ.

ಅಂಗಡಿಯವಳು, ಬೇಲೂರು

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ ಅಣ್ಣ, ನನಗೂ ಇದೇ ಪಾಡಾಗಿತ್ತು. ಸ್ಕ್ರೀನ್‌ಶಾಟ್ ಇಟ್ಟರೆ ಸಾಲದು, ಹುಡುಕಿದಾಗ ಸಿಗಬೇಕು. ಫೈಲ್ ಹೆಸರು ನೋಡಿ: ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ 'ಸ್ಕ್ರೀನ್‌ಶಾಟ್' ಅಂತ ಶುರುವಾಗಿ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ ಎಲ್ಲ ಅದರಲ್ಲೇ ಇರುತ್ತೆ. ಅದನ್ನು ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಆ ಹೆಸರು ಹೋಗುತ್ತೆ, ಚಿತ್ರವೂ ಮಸುಕಾಗುತ್ತೆ. ಧಣಿಗಳಿಗೆ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಹೆಸರು ಹಾಗೇ ಉಳಿಯುತ್ತೆ.

ಚಿತ್ರದಲ್ಲಿ ಖಾತೆ ನಂಬರ್ ಮರೆಮಾಡೋಕೆ ಫೋನ್‌ನ ಎಡಿಟ್‌ನಲ್ಲಿ ಸಿಗೋ ಹೈಲೈಟರ್ ಪೆನ್ ಬಳಸಬೇಡಿ. ಅದು ಪಾರದರ್ಶಕ. ಕಪ್ಪು ಬಳಿದ ಹಾಗೆ ಕಂಡರೂ, ನನ್ನ ಮಗಳು ಅದೇ ಚಿತ್ರದ ಬ್ರೈಟ್‌ನೆಸ್ ಏರಿಸಿದಾಗ ಒಂದೊಂದೇ ಅಂಕಿ ಎದ್ದು ಬಂತು. ನನಗೆ ಎದೆ ಧಸಕ್ ಅಂತು. ಬೇಡದ ಭಾಗ ಕತ್ತರಿಸಿಬಿಡಿ.

ಮೊಬೈಲ್ ರಿಪೇರಿ, ಚಿಕ್ಕಮಗಳೂರು

ಮೇಡಂ ಹೇಳಿದ್ದು ಬಹಳ ಮುಖ್ಯ.

ರೈಟರ್ ಅವರೇ, ಗೂಗಲ್ ಫೋಟೋಸ್ ತಾನಾಗೇ ಕ್ಯಾಮೆರಾ ಫೋಟೋ ಮಾತ್ರ ಬ್ಯಾಕಪ್ ಮಾಡುತ್ತೆ. ಸ್ಕ್ರೀನ್‌ಶಾಟ್ ಫೋಲ್ಡರ್‌ಗೆ ಬ್ಯಾಕಪ್ ನೀವೇ ಆನ್ ಮಾಡಬೇಕು. ಗೂಗಲ್ ಖಾತೆಗೆ ಪುಕ್ಕಟೆ ಸಿಗೋದು 15 ಜಿಬಿ, ಜಿಮೇಲ್ ಮತ್ತು ಡ್ರೈವ್ ಕೂಡ ಅದರಲ್ಲೇ. ಆದರೆ ಸ್ಕ್ರೀನ್‌ಶಾಟ್ ಹೆಚ್ಚು ಜಾಗ ತಿನ್ನಲ್ಲ. ಜಾಗ ಬೇಕಾದರೆ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಸ್ಟೋರೇಜ್ ತೆರೆಯಿರಿ, ದೊಡ್ಡ ವಿಡಿಯೋಗಳು ಮೇಲೇ ಇರ್ತವೆ. ಅಳಿಸಬೇಕಾದ್ದು ಅವನ್ನ.

ತೋಟದ ರೈಟರ್, ಮೂಡಿಗೆರೆ

ಆಯಮ್ಮನ ದುಡ್ಡು ಸಿಕ್ಕಿತು. ಊರಿನ ಬ್ಯಾಂಕಿನ ಹಳೇ ಖಾತೆಗೆ ಹೋಗಿ ಕೂತಿತ್ತು, ಅವರ ಮಗ ಪಾಸ್‌ಬುಕ್ ಎಂಟ್ರಿ ಹಾಕಿಸಿ ಫೋಟೋ ಕಳಿಸಿದ. 12 ಅಂಕಿ ಒಂದೊಂದಾಗಿ ಜೋರಾಗಿ ಓದಿ ತಾಳೆ ನೋಡಿದ್ವಿ, ಕೆಲಸದವರ ಲೈನ್ ಮನೆ ಜಗಲಿ ಮೇಲೆ ಹತ್ತು ಜನ ಸುತ್ತ ನಿಂತಿದ್ರು. ಆಯಮ್ಮ ಒಂದು ಲೋಟ ಕಾಫಿ ಕೊಟ್ಟು, ನಿಮ್ಮ ಮೇಲೆ ಅನುಮಾನ ಇರಲಿಲ್ಲಪ್ಪಾ ಅಂದ್ರು.

ಸ್ಕ್ರೀನ್‌ಶಾಟ್ ಫೋಲ್ಡರ್ ಬ್ಯಾಕಪ್ ಆನ್ ಮಾಡಿದೀನಿ. ಹಾಜರಿ ಬರೆಯೋ ಮಸ್ಟರ್ ಪುಸ್ತಕದಲ್ಲಿ ಹೆಸರಿನ ಪಕ್ಕ ಯುಟಿಆರ್‌ಗೆ ಒಂದು ಕಾಲಂ ಗೆರೆ ಹಾಕಿದೀನಿ, ಈ ಶನಿವಾರದಿಂದ ಬರೆಯೋದು. ಇಬ್ಬರಿಗೂ ತುಂಬಾ ಉಪಕಾರ ಆಯ್ತು.